ಚಿನಕುರಳಿ ಚೆಲುವಯ್ಯನ ಪಿಸುಮಾತು

ಮರೆವು ಮನುಷ್ಯನಿಗೆ ದೊರೆತ ಮಹಾ ವರವೆಂದು ತಿಳಿದವರು ಹೇಳುತ್ತಾರೆ. ಕಂಡದ್ದು ಕೇಳಿದ್ದೆಲ್ಲ ತಲೆಯಲ್ಲಿ ಉಳಿದುಬಿಟ್ಟರೆ ಬಾಳುವುದು ಹೇಗೆ ಎಂಬುದು ಅವರ ವಾದ. ಗಹನವಾದ ಮಾತು, ನಾನೂ ಒಪ್ಪುತ್ತೇನೆ. ಆದರೆ ಹಾಗೆಂದವರು ಯಾರೂ ತಗಡಿನ ಕಿರೀಟ ಹೊತ್ತು, ಇಡೀ ಊರಿನ ಎದುರು 'ಎಲವೋ' ಎಂದು ಗರ್ಜಿಸಿ, ಅದರ ಮುಂದಿನ ಮಾತು ಏನೆಂದು ತಿಳಿಯದೆ ನಿಂತವರಲ್ಲ.

ಹಾಗೆ ನಿಂತ ಒಬ್ಬ ರಾಜನನ್ನು ಕಿಕ್ಕೇರಿಯಲ್ಲಿ ನಾನು ಕಣ್ಣಾರೆ ಕಂಡಿದ್ದೇನೆ. ಹಳ್ಳಿಯವರು ಆಡಿದ ಪೌರಾಣಿಕ ನಾಟಕ. ನಾನು ಮುಖ್ಯ ಅತಿಥಿ, ಅಂದರೆ ಹಾರ ಹಾಕಿಸಿಕೊಂಡ ತಪ್ಪಿಗೆ ಎದ್ದುಹೋಗುವ ಹಕ್ಕು ಕಳೆದುಕೊಂಡವನು. ರಾಜ 'ಎಲವೋ' ಎಂದ. ಇನ್ನೊಮ್ಮೆ 'ಎಲವೋ' ಎಂದ. ಎದುರಿಗಿದ್ದ ಮಂತ್ರಿ, ಎದುರಿಗೇ ಇರುವ ತನ್ನನ್ನು ಇಷ್ಟು ಸಲ ಯಾಕೆ ಕರೆಯುತ್ತಿದ್ದಾನೆಂದು ಕಂಗಾಲಾದ. ಮೂರನೆಯ 'ಎಲವೋ' ಮುಗಿಯುವಷ್ಟರಲ್ಲಿ ರಾಜನ ಮುಖ ಬೆಳಗಿತು; ಮಾತು ನಾಲೆಗೆ ನೀರು ಬಿಟ್ಟ ಹಾಗೆ ಹರಿಯಿತು. ಪಕ್ಕದ ಪರದೆಯಿಂದ ನಾಲ್ಕೇ ಮಾರು ದೂರದಲ್ಲಿ ಕೂತಿದ್ದ ನನಗೆ ಏನೂ ಕೇಳಿಸಲಿಲ್ಲ. ಪರದೆಯ ಸಂದಿಯಲ್ಲಿ ಕಂಡದ್ದು ಇಷ್ಟೆ: ಒಂದು ಗಿಡ್ಡ ಮಣೆ, ಅದರ ಮೇಲೆ ಒಬ್ಬ ಸಣಕಲು ಮನುಷ್ಯ, ತೊಡೆಯ ಮೇಲೆ ಬಿಚ್ಚಿದ ಪುಸ್ತಕ, ಅಲ್ಲಾಡುತ್ತಿರುವ ತುಟಿ. ಬೇಕಾದವನೊಬ್ಬನ ಕಿವಿಗೆ ಮಾತ್ರ ಮುಟ್ಟಿ ಅಲ್ಲಿಗೇ ಸತ್ತುಹೋಗುವಂಥ ಪಿಸುಮಾತು ಆತನದು. ಹೆಸರು ಚೆಲುವಯ್ಯ, ಊರು ಚಿನಕುರಳಿ, ಕೆಲಸ ಪ್ರಾಂಪ್ಟರ್. ಉಳಿದ ಹೊತ್ತಿನಲ್ಲಿ ಎರಡು ಸೀಮೆಹಸು.

ನಾನು ವಿಶ್ವವಿದ್ಯಾಲಯವೊಂದರ ರಂಗಭೂಮಿ ಮತ್ತು ಚಲನಚಿತ್ರ ವಿಭಾಗದಲ್ಲಿ ಮೇಷ್ಟ್ರು. ಆಗಲೂ ಅಲ್ಲೇ ಇದ್ದೆ, ಈಗಲೂ ಅಲ್ಲೇ ಇದ್ದೇನೆ. ಇದು ಹೆಮ್ಮೆಯಲ್ಲ, ಮಾಹಿತಿ. ಪಾಂಡವಪುರದ ಹೊರಗಿರುವ ಈ ವಿಭಾಗ ವರ್ಷಕ್ಕೊಮ್ಮೆ 'ರಂಗಋತು' ನಡೆಸುತ್ತದೆ. ಎರಡು ನಾಟಕ, ಎರಡು ಕಿರುಚಿತ್ರ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಎಂಬ ನಾಲ್ಕು ಊರುಗಳಿಗೆ ಒಂದೊಂದು. ನಮ್ಮ ಸೀಮೆಯವರಿಗೆ ಕಬ್ಬು ಕಡಿಯುವ ಕಾಲ, ನಾಲೆಗೆ ನೀರು ಬಿಡುವ ಕಾಲ, ಮದುವೆಯ ಕಾಲ ಎಂಬ ಮೂರು ಋತುಗಳೇ ಸಾಕಾಗಿದ್ದವು. ನಾಲ್ಕನೆಯದನ್ನು ವಿಶ್ವವಿದ್ಯಾಲಯ ದಯಪಾಲಿಸಿತು. ಬರುವ ಋತುವಿನ ಪಟ್ಟಿ ಬರೆಯುವ ಕೆಲಸ ಮೊದಲಿನಿಂದಲೂ ನನ್ನದು. ಪ್ರತಿ ವರ್ಷ ಅದನ್ನು ಹೊಸ ಉತ್ಸಾಹದಿಂದ ಬರೆದೆನೆಂದು ಹೇಳಿದರೆ ನನ್ನ ಕೈಯೇ ನಗುತ್ತದೆ.

ಕಿಕ್ಕೇರಿಯ ನಾಟಕ ನೋಡಿದ ವರ್ಷ ಪಟ್ಟಿಯ ಕೊನೆಗೆ ಚೆಲುವಯ್ಯನ ಹೆಸರು ಸೇರಿಸಿದೆ. ಪ್ರಾಂಪ್ಟರ್ ಎಂಬ ಹುದ್ದೆ ವಿಶ್ವವಿದ್ಯಾಲಯದ ನಿಯಮಾವಳಿಯಲ್ಲಿ ಇರಲಿಲ್ಲ. ಸಮಿತಿ ಕೂತು, ಎರಡು ಸುತ್ತು ಕಾಫಿ ಕುಡಿದು, 'ಸಂಭಾಷಣಾ ಸ್ಮರಣ ಸಹಾಯಕ' ಎಂಬ ಪದನಾಮವನ್ನು ಹೆತ್ತಿತು. ಆತ ಅದನ್ನು ನನ್ನಿಂದ ಎರಡು ಸಲ ಓದಿಸಿಕೊಂಡು, "ಅಂದ್ರೆ ಪ್ರಾಂಟ್ರೇ ತಾನೆ ಸಾ? ಇಷ್ಟುದ್ದ ಇದ್ರೆ ಕರೆಯೋ ಒತ್ಗೆ ನಾಟ್ಕ ಮುಗ್ದೋಯ್ತದೆ" ಎಂದ. ಕಾಯಂ ನೌಕರಿಯಲ್ಲ, ಪಟ್ಟಿಯಲ್ಲಿ ಹೆಸರಿದ್ದರೆ ಆ ವರ್ಷ ಆತ ಉಂಟು, ಇಲ್ಲದಿದ್ದರೆ ಇಲ್ಲ. ಆ ಪಟ್ಟಿ ಕರಪತ್ರವಾಗಿ ಅಚ್ಚಾಗಿ ಬಂದಾಗ, ಎಲ್ಲಕ್ಕಿಂತ ಕೆಳಗೆ, ಇರುವೆಯಷ್ಟು ಅಕ್ಷರದಲ್ಲಿ ಆತನ ಹೆಸರಿರುತ್ತಿತ್ತು. ಅದನ್ನು ಮನೆಗೆ ಒಯ್ದು, ನಡುಮನೆಯ ಗೋಡೆಗೆ ಮೈದಾ ಹಿಟ್ಟಿನ ಅಂಟಿನಲ್ಲಿ ಅಂಟಿಸುತ್ತಿದ್ದ. ಊರಿನಲ್ಲಿ ಆತನನ್ನು 'ಯೂನಿವರ್ಸಿಟಿ ಚೆಲುವಯ್ಯ' ಎಂದು ಕರೆಯತೊಡಗಿದ್ದರು. ಆತನ ಪಾಲಿಗೆ ಸಂಭಾವನೆ, ಬಸ್ಸಿನ ಪಾಸು, ಇವೆಲ್ಲ ಇದ್ದರೂ ಸರಿ ಇಲ್ಲದಿದ್ದರೂ ಸರಿ. ಆ ಒಂದು ಸಾಲು ಮಾತ್ರ ಇರಬೇಕಿತ್ತು.

ಬೆಳಿಗ್ಗೆ ಡೈರಿಗೆ ಹಾಲು ಹಾಕಿ, ಖಾಲಿ ಕ್ಯಾನಿನ ಸಮೇತ ಬಸ್ಸು ಹತ್ತಿ ಬರುತ್ತಿದ್ದ. ತಾಲೀಮಿನ ಕೋಣೆಯ ಮೂಲೆಯಲ್ಲಿ ಆ ಕ್ಯಾನನ್ನು ಇಟ್ಟರೆ ಆತ ಹಾಜರು ಎಂದರ್ಥ. ಪುಸ್ತಕದಲ್ಲಿ ಎಲ್ಲೆಲ್ಲಿ ಯಾರು ಎಡವುತ್ತಾರೋ ಅಲ್ಲೆಲ್ಲ ನೀಲಿ ಪೆನ್ಸಿಲಿನ ಚುಕ್ಕಿ. ಹೊಗಳುವುದು ಆತನಿಗೆ ಗೊತ್ತಿರಲಿಲ್ಲ. ಪ್ರದರ್ಶನ ಚೆನ್ನಾಗಿ ಆಯಿತೆಂದು ಹುಡುಗರು ಕುಣಿದಾಡುತ್ತಿದ್ದರೆ, "ಇವತ್ತು ಅದ್ನಾಲ್ಕು ಸಲ ಕಣ್ರಲಾ" ಎಂದು ಪುಸ್ತಕ ಮುಚ್ಚುತ್ತಿದ್ದ.

ನಟನಿಗೆ ಮಾತು ಮರೆತದ್ದು ನಟನಿಗಿಂತ ಮೊದಲು ನಿನಗೆ ಹೇಗೆ ತಿಳಿಯುತ್ತದೆ ಎಂದು ಒಮ್ಮೆ ಕೇಳಿದೆ. ಆತ ಸುತ್ತಮುತ್ತ ನೋಡಿ, ವೃತ್ತಿಯ ಗುಟ್ಟನ್ನು ಕೊಡುವವನ ಹಾಗೆ ಹೇಳಿದ: "ಮೊಕದಲ್ಲಿ ತೋರ್ಸಾಕಿಲ್ಲ ಸಾ, ನಟ ಅಲ್ವಾ. ಕಾಲ್ನ ಎಬ್ಬೆಟ್ಟು ನೋಡ್ಬೇಕು. ಮಾತು ಓದೇಟ್ಗೆ ಅದು ಮ್ಯಾಕ್ಕೆ ಎದ್ಬುಡ್ತದೆ." ಆಗ ಅರ್ಥವಾಯಿತು, ಆತನ ಮಣೆ ಯಾಕೆ ಅಷ್ಟು ಗಿಡ್ಡವೆಂದು. ಅಂದಿನಿಂದ ನಮ್ಮ ವಿಭಾಗದ ನಾಟಕಗಳನ್ನು ನಾನು ಮುಖ ನೋಡಿ ಆನಂದಿಸಿದ್ದು ಕಡಿಮೆ.

ನನ್ನ ಮಾನವನ್ನೂ ಆತ ಒಮ್ಮೆ ಉಳಿಸಿದ್ದಾನೆ. ನಾಗಮಂಗಲದಲ್ಲಿ ಋತುವಿನ ಉದ್ಘಾಟನೆ; ಸ್ವಾಗತ ಭಾಷಣ ನನ್ನದು. "ಮಾನ್ಯರಾದ" ಎಂದೆ. ಮಾನ್ಯರ ಹೆಸರು ಬರಲಿಲ್ಲ. ಅವರು ಎರಡು ಅಡಿ ದೂರದಲ್ಲಿ ಕೂತು, ತಮ್ಮ ಹೆಸರು ಕೇಳಲು ಸಿದ್ಧವಾದ ನಗೆಯೊಂದನ್ನು ಹಿಡಿದುಕೊಂಡಿದ್ದರು. ಆಗ ಪಕ್ಕದ ಪರದೆಯಿಂದ ಹೆಸರು, ಇನಿಷಿಯಲ್ ಸಹಿತ, ನನ್ನ ಎಡಗಿವಿಯೊಳಗೆ ಬಂದು ಬಿತ್ತು. ಷೂ ಹಾಕಿದ್ದೆನಲ್ಲ, ಹೇಗೆ ತಿಳಿಯಿತು ಎಂದು ಆಮೇಲೆ ಕೇಳಿದ್ದಕ್ಕೆ, ನೀವು ಮೂರು ಸಲ 'ಮಾನ್ಯರಾದ' ಅಂದಿರಿ, ಒಬ್ಬ ಮನುಷ್ಯನಿಗೆ ಅಷ್ಟು ಮರ್ಯಾದೆ ಯಾರೂ ಕೊಡುವುದಿಲ್ಲ ಎಂದ.

ಹದಿನೆಂಟು ವರ್ಷ ಹೀಗೆ ನಡೆಯಿತು. ಹತ್ತೊಂಬತ್ತನೆಯದರಲ್ಲಿ ಮೈಕೆಂಬ ಯಂತ್ರ ಅದನ್ನು ಕೆಡಿಸಿತು.

ವಿದ್ಯಾರ್ಥಿಗಳು ಶ್ರೀರಂಗಪಟ್ಟಣದ ಹೊಳೆಯ ಮೆಟ್ಟಿಲ ಮೇಲೆ ಒಂದು ಕಿರುಚಿತ್ರ ತೆಗೆಯುತ್ತಿದ್ದರು. ಸಿನಿಮಾಕ್ಕೆ ಪ್ರಾಂಪ್ಟರ್ ಬೇಡ. ತಪ್ಪಿದರೆ ಇನ್ನೊಮ್ಮೆ ತೆಗೆದರಾಯಿತು. ಆದರೆ ಚೆಲುವಯ್ಯ ಸಾಮಾನು ಹೊರಲು ಹೋಗಿದ್ದ. ನಾಯಕ ನೀರಿನ ಕಡೆ ನೋಡುತ್ತ ಮಾತು ಮರೆತ, ಹೆಬ್ಬೆರಳು ಎದ್ದಿತು, ಆತ ಅಭ್ಯಾಸಬಲದಿಂದ ಹೇಳಿಕೊಟ್ಟ. ಹೀಗೆ ದಿನಕ್ಕೆ ಆರೇಳು ಸಲ. ಅಲ್ಲಿದ್ದ ಯಾರಿಗೂ ಕೇಳಿಸಲಿಲ್ಲ. ಮೈಕಿಗೆ ಮಾತ್ರ ಪ್ರತಿ ಅಕ್ಷರವೂ ಕೇಳಿಸಿತ್ತು. ನಾಗಮಂಗಲದ ಪ್ರದರ್ಶನಕ್ಕೆ ಮೂರು ದಿನವಿದೆ ಎನ್ನುವಾಗ ಸಂಗತಿ ಬಯಲಾಯಿತು. ಆ ಪಿಸುಮಾತನ್ನು ಅಳಿಸಲು ಹೋದರೆ ನಾಯಕನ ಮಾತೂ ಹೋಗುತ್ತಿತ್ತು. ಹಾಗೆಯೇ ತೋರಿಸಿದೆವು. ನಾಗಮಂಗಲದ ಜನ ನಾಯಕನ ಅಂತರಾತ್ಮವೇ ಮೊದಲು ಮಾತಾಡುತ್ತದೆ, ನಾಯಕ ಆಮೇಲೆ ಅದನ್ನು ಅನುಸರಿಸುತ್ತಾನೆ ಎಂದು ತಿಳಿದು ಬಹಳ ಮೆಚ್ಚಿಕೊಂಡರು. ಪಕ್ಕದಲ್ಲಿದ್ದ ಯಜಮಾನರೊಬ್ಬರು ನನ್ನ ಕಡೆ ಬಾಗಿ, ಅಂತರಾತ್ಮ ನಮ್ಮ ಚಿನಕುರಳಿ ಕಡೆಯದಿರಬೇಕು ಎಂದರು.

ಮೆಚ್ಚದವರು ಒಬ್ಬರೇ, ಆ ವರ್ಷವಷ್ಟೇ ವಿಭಾಗದ ಮುಖ್ಯಸ್ಥರಾಗಿ ಬಂದಿದ್ದ ವೀಣಾ ಮೇಡಂ. ಕೆಟ್ಟವರಲ್ಲ, ಹುಡುಗರಿಗಿಂತ ಮೊದಲು ಬಂದು, ಹುಡುಗರು ಹೋದ ಮೇಲೆ ಹೋಗುವವರು. ಅವರು ಆ ಚಿತ್ರವನ್ನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮೂರು ಸಲ ಕೇಳಿದರಂತೆ. ನನ್ನನ್ನು ಕರೆದು, ನಮ್ಮ ಮಕ್ಕಳು ಮಾತು ಕಲಿಯುತ್ತಲೇ ಇಲ್ಲ, ಪಕ್ಕದಿಂದ ಬರುತ್ತದೆಂದು ಕಾಯುತ್ತಾರೆ ಎಂದರು. ಮುಂದಿನ ಋತುವಿಗೆ ಪ್ರಾಂಪ್ಟರ್ ಬೇಡ. ಚೆಲುವಯ್ಯನ ಮೇಲೆ ಕೋಪವಿಲ್ಲ, ಆದರೆ ಹೆಸರು ತೆಗೆಯಿರಿ ಎಂದರು.

ಪಟ್ಟಿ ಬರೆಯುವ ಕೈ ನನ್ನದು. ಹದಿನೆಂಟು ವರ್ಷದ ಕೆಲಸವನ್ನು ವಿವರಿಸಬಹುದಿತ್ತು, ವಾದಿಸಬಹುದಿತ್ತು. ಆ ದಿನ ನನಗೆ ದಣಿವಾಗಿತ್ತು. ಅದಕ್ಕಿಂತ ಘನವಾದ ಕಾರಣವನ್ನು ಎಷ್ಟು ಹುಡುಕಿದರೂ ಸಿಕ್ಕಿಲ್ಲ. ಹೆಸರನ್ನು ಹೊಡೆದುಹಾಕಿ, ಕರಪತ್ರ ಅಚ್ಚಾದ ಮೇಲೆ ಒಂದು ಪ್ರತಿಯನ್ನು ಆತನ ಕೈಗೆ ಕೊಟ್ಟೆ. ಆತ ಎಂದಿನಂತೆ ಕೆಳಗಿನಿಂದ ಓದಲು ಶುರುಮಾಡಿದ. ಮೇಲಿನವರೆಗೂ ಓದಿದ. ತಿರುಗಿಸಿ ಬೆನ್ನೂ ನೋಡಿದ. "ಅಚ್ಚು ಚೆಂದಾಗೈತೆ ಸಾ" ಎಂದು, ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡು, ಕ್ಯಾನು ಎತ್ತಿಕೊಂಡು ಹೋದ.

ಹೋದನೆಂದು ನಾನು ತಿಳಿದದ್ದಷ್ಟೆ. ಆ ಋತುವಿನ ನಾಟಕದ ತಾಲೀಮು ನಡೆದ ಎರಡು ತಿಂಗಳೂ ಆತ ಕಿಟಕಿಯ ಹೊರಗೆ ಹೊಂಗೆ ಮರದ ಕೆಳಗೆ ನಿಲ್ಲುತ್ತಿದ್ದ. ಯಾರಾದರೂ ಕೇಳಿದರೆ ಬಸ್ಸಿಗೆ ಕಾಯುತ್ತಿದ್ದೇನೆ ಎನ್ನುತ್ತಿದ್ದ. ಬಸ್ಸು ನಿಲ್ಲುವುದು ಅಲ್ಲಿಂದ ಅರ್ಧ ಮೈಲಿ ಆಚೆ.

ನಾಟಕ ಕೆ.ಆರ್. ಪೇಟೆಯಲ್ಲಿ, ಸಂಜೆ ಆರಕ್ಕೆ. ವಿದ್ಯಾರ್ಥಿಯೊಬ್ಬ ಬರೆದದ್ದು, ಊರ ಪಂಚಾಯಿತಿಯ ಮುಂದೆ ಒಬ್ಬ ತಾಯಿ ತನ್ನ ಮಗನ ವಿರುದ್ಧ ಸಾಕ್ಷಿ ಹೇಳುವ ಕಥೆ. ತಾಯಿಯ ಪಾತ್ರ ನಮ್ಮ ವಿದ್ಯಾರ್ಥಿನಿ, ಮಾಕವಳ್ಳಿಯ ಸವಿತಾಳದು. ಚೆಲುವಯ್ಯ ಮೂರನೆಯ ಸಾಲಿನಲ್ಲಿ, ಒಗೆದ ಅಂಗಿ ಹಾಕಿಕೊಂಡು, ಟಿಕೆಟ್ಟು ಹಿಡಿದು ಕೂತಿದ್ದ. ಕಡೆಯ ದೃಶ್ಯದಲ್ಲಿ ಪಂಚರು ತಾಯಿಯನ್ನು ಕೇಳಿದರು: ನೀನು ಕಂಡದ್ದು ಏನು? ಸವಿತಾ ಬಾಯಿ ತೆರೆದಳು. ಮಾತು ಬರಲಿಲ್ಲ. ಬರಿಗಾಲಿನ ಹೆಬ್ಬೆರಳು ಎದ್ದುದನ್ನು ನಾನು ಕಂಡೆ. ಅವಳು ಅಭ್ಯಾಸದಂತೆ ಪಕ್ಕದ ಪರದೆಯ ಕಡೆ ಕಣ್ಣು ಹಾಯಿಸಿದಳು. ಅಲ್ಲಿ ಯಾರೂ ಇಲ್ಲ. ನಾನು ಚೆಲುವಯ್ಯನ ಕಡೆ ತಿರುಗಿದೆ. ಆತ ಎದುರಿನ ಕುರ್ಚಿಯ ಬೆನ್ನು ಹಿಡಿದು ಅರ್ಧ ಎದ್ದಿದ್ದ. ಬಾಯಿ ತೆರೆದಿತ್ತು. ಶಬ್ದ ಬರಲಿಲ್ಲ. ಅರ್ಧ ನಿಮಿಷ ಇಡೀ ಸಭೆ ಉಸಿರು ಹಿಡಿಯಿತು. ಆಮೇಲೆ ಸವಿತಾ, ಎಲ್ಲೋ ಹೊಟ್ಟೆಯೊಳಗಿಂದ ಎಳೆದು ತಂದವಳಂತೆ, ಆ ಮಾತನ್ನು ಆಡಿದಳು. ನಾಟಕ ಮುಗಿಯಿತು.

ಆತ ಸೇಡಿಗಾಗಿ ಸುಮ್ಮನಿದ್ದನೆಂದು ವಿಭಾಗದಲ್ಲಿ ಕೆಲವರು ಆಡಿಕೊಂಡರು. ಹೆಸರಿಲ್ಲದ ಮೇಲೆ ಸಭೆಯಲ್ಲಿ ಬಾಯಿ ಹಾಕಬಾರದೆಂಬ ಮರ್ಯಾದೆಯಿಂದ ಎಂದು ನಾನು ನಂಬಿದೆ. ಈ ವರ್ಷ, ಬರುವ ಋತುವಿನ ಪಟ್ಟಿಗೆ ಕೂತಾಗ ಮೇಡಂ ಅವರೇ ಮಾತೆತ್ತಿದರು: ಆ ಅರ್ಧ ನಿಮಿಷ ನೆನೆದರೆ ನನಗೆ ಈಗಲೂ ಹೆದರಿಕೆಯಾಗುತ್ತದೆ, ಆ ಹುಡುಗಿಗೆ ಏನಾದರೂ ಆಗಿದ್ದರೆ? ಚೆಲುವಯ್ಯ ಬರಲಿ, ಹೆಸರು ಹಾಕಿ.

ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡು ಸ್ಕೂಟರಿನಲ್ಲಿ ಚಿನಕುರಳಿಗೆ ಹೋದೆ. ಈ ಕೆಲಸಕ್ಕೆ ಬಂದ ಮೇಲೆ ಸಂತೋಷವಾಗಿ ಒಯ್ದ ಕಾಗದ ಅದೊಂದೇ ಇರಬೇಕು. ಚೆಲುವಯ್ಯ ಕೊಟ್ಟಿಗೆಯ ಮುಂದೆ ಹಸುವಿಗೆ ಹುಲ್ಲು ಹಾಕುತ್ತಿದ್ದ. ಸೊರಗಿದ್ದ. ಹೆಂಡತಿಗೆ ಟೀ ಇಡಲು ಕೂಗಿ ಹೇಳಿ, ಜಗುಲಿಯ ಮೇಲೆ ಗೋಣಿತಾಟು ಹಾಸಿದ. ನಾನು ಮೇಡಂ ಅವರೇ ಹೇಳಿದರೆಂಬುದನ್ನು ಎರಡು ಸಲ ಒತ್ತಿ ಹೇಳಿದೆ. ಹಿಂದಿನ ವರ್ಷ ಹೊಡೆದುಹಾಕಿದ್ದು ನಾನೇ ಎಂಬುದನ್ನೂ ಹೇಳಿದೆ.

"ಅದು ಗೊತ್ತಿತ್ತು ಬುಡಿ ಸಾ" ಎಂದ. "ಬರವಣ್ಗೆ ನಿಮ್ದೇ ಅಲ್ವಾ."

ನಾನು ಕೇಳದೇ ಕೆ.ಆರ್. ಪೇಟೆಯ ಮಾತು ತೆಗೆದ. "ಅವತ್ತು ನಾನು ಬೇಕು ಅಂತ ಸುಮ್ಕಿರ್ನಿಲ್ಲ ಕಣಿ ಸಾ. ಎಬ್ಬೆಟ್ಟು ಎದ್ದೇಟ್ಗೆ ಬಾಯ್ ತೆಗುದ್ಬುಟ್ಟೆ. ಎರಡು ತಿಂಗ್ಳು ಕಿಟ್ಕಿತಾವ ನಿಂತು ಕೇಳಿದ್ದ ಮಾತು. ಬರ್ನಿಲ್ಲ. ಕೈಲಿ ಬುಕ್ಕಿರ್ನಿಲ್ಲ ನೋಡಿ. ಬಾಯ್ಪಾಠ ಅಂತ ಒಂದು ಸಾಲ್ನೂ ನಾ ಯಾವತ್ತೂ ಮಾಡ್ದೋನಲ್ಲ."

ಟೀ ಬಂತು. ನನ್ನ ಲೋಟವನ್ನು ನನ್ನ ಕಡೆ ಸರಿಸಿ ಮುಂದುವರಿಸಿದ: "ಆ ಉಡ್ಗಿ ಮಾತ ತಾನೇ ಉಡೀಕಂಡ್ಲು. ಎಲ್ಲಿಂದ ತಗುದ್ಲೋ ಕಾಣೆ. ನಾಟ್ಕದಲ್ಲಿ ಮಾತು ಅಂಗೆ ಬಂದುದ್ದ ನಾನು ಕೇಳೇ ಇರ್ನಿಲ್ಲ ಸಾ. ಇಷ್ಟು ವರ್ಸದಲ್ಲಿ ಒಬ್ಬುರ್ನೂ ಉಡೀಕಳಾಕೆ ಬುಡ್ನಿಲ್ಲ ನಾನು. ಎಬ್ಬೆಟ್ಟು ಪೂರಾ ಏಳಾಕ್ ಮುಂಚೆ ಯೋಳ್ಕೊಟ್ಬುಡೋದು. ನನ್ ಎಸ್ರು ಹಾಕ್ಬೇಡಿ."

ಎಲ್ಲರೂ ಸವಿತಾಳಲ್ಲ, ಒಬ್ಬ ನಿಂತೇಬಿಟ್ಟರೆ ಗತಿಯೇನು ಎಂದು ನಾನು ವಾದಿಸಿದೆ. ವರ್ಷದ ಹಿಂದೆ ಮೇಡಂ ಮುಂದೆ ಮಾಡಬೇಕಾಗಿದ್ದ ವಾದವನ್ನೆಲ್ಲ ಆತನ ಜಗುಲಿಯ ಮೇಲೆ ಮಾಡಿದೆ. ಆತ ಪೂರ್ತಿ ಕೇಳಿದ.

"ನಿಂತ್ಕಳ್ಲಿ ಬುಡಿ ಸಾ ಒಸಿ ಒತ್ತು" ಎಂದ. "ನಿಂತ್ಕಂಡ್ರೆ ಏನಾಯ್ತದೆ?"

ಟೀ ಮುಗಿಸಿ ಎದ್ದೆ. ಆತನ ಹೆಸರು ಬರೆದಿದ್ದರೆ ನನ್ನ ಎದೆಯ ಮೇಲಿನ ಭಾರವೊಂದು ಇಳಿಯುತ್ತಿತ್ತು. ಆತ ಇಳಿಸಲು ಒಪ್ಪಲಿಲ್ಲ. ಅದರಲ್ಲಿ ಸೇಡು ಇರಲಿಲ್ಲವೆಂಬುದೇ ಕಷ್ಟದ ಸಂಗತಿ. ಬೀದಿಯವರೆಗೂ ಬಂದು, ನನ್ನ ಸ್ಕೂಟರಿನ ಸ್ಟ್ಯಾಂಡು ತಾನೇ ತೆಗೆದುಕೊಟ್ಟು, ಊರ ಮುಂದಿನ ತಿರುವಿನಲ್ಲಿ ಜಲ್ಲಿ ಬಿದ್ದಿದೆ, ನಿಧಾನ ಎಂದ. ಆಮೇಲೆ ನಾನು ಆತನನ್ನು ಕಂಡಿಲ್ಲ. ವಿಭಾಗದ ಕಡೆ ಬಂದಿಲ್ಲ. ಹೊಂಗೆ ಮರದ ಕೆಳಗೂ ಇಲ್ಲ.

ಬರುವ ಋತುವಿನ ಪಟ್ಟಿ ಸೋಮವಾರ ಅಚ್ಚಿಗೆ ಹೋಯಿತು. ಪಾಂಡವಪುರ ಮತ್ತು ಕೆ.ಆರ್. ಪೇಟೆಯಲ್ಲಿ ನಾಟಕ, ಶ್ರೀರಂಗಪಟ್ಟಣ ಮತ್ತು ನಾಗಮಂಗಲದಲ್ಲಿ ಕಿರುಚಿತ್ರ. ಪ್ರಾಂಪ್ಟರ್ ಇಲ್ಲ.