ಬೀರುವಿನಲ್ಲಿಟ್ಟ ಪ್ರಮಾಣಪತ್ರ

ಶಾಲೆ ತೆರೆಯುತ್ತೇನೆಂದು ಸಲಹೆ ಕೇಳಲು ಬಂದವರಿಗೆ ನಾನು ಮೊದಲು ಹೇಳುವುದಿಷ್ಟು: ಕಟ್ಟಡ ಸಿಗುತ್ತದೆ, ಬೆಂಚು ಸಿಗುತ್ತದೆ, ಮಕ್ಕಳೂ ಸಿಗುತ್ತಾರೆ, ಟೀಚರ್ ಮಾತ್ರ ನಿಲ್ಲುವುದಿಲ್ಲ.

ಕೆಡವಿದ ಮನೆಗಳ ಬಾಗಿಲು, ಕಿಟಕಿ ಕೊಂಡು ಮಾರಿ ಮೇಲೆ ಬಂದವನು ನಾನು. ಕೊಪ್ಪದಲ್ಲಿ ಕಿವಿ ಕೇಳದ ಮಕ್ಕಳಿಗೆ ಶಾಲೆ ಶುರು ಮಾಡಿದಾಗ ಬೆಂಚುಗಳನ್ನೂ ಚೌಕಾಸಿ ಮಾಡಿಯೇ ತಂದೆ. ಸನ್ನೆ ಭಾಷೆಯಲ್ಲಿ ಕಲಿಸುವ ತರಬೇತಿ ಪಡೆದವರು ಮಾತ್ರ ನಮ್ಮ ಕಡೆ ಸಿಗುವುದೇ ಕಷ್ಟ. ಬಂದ ಇಬ್ಬರೂ ಬೇರೆ ಕೆಲಸ ಸಿಕ್ಕಿ ವರ್ಷದ ನಡುವೆಯೇ ಹೋದರು. ಮೂರನೆಯವರು ನರಸಿಂಹರಾಜಪುರದಿಂದ ಬಂದಾಗ ನಾನು ವ್ಯಾಪಾರದ ಬುದ್ಧಿ ಓಡಿಸಿದೆ. ಶಾಲೆಯ ನಿಯಮವೆಂದು ಹೇಳಿ ಅವರ ಮೂಲ ಪ್ರಮಾಣಪತ್ರಗಳನ್ನು ಪಡೆದು, ಬೀರುವಿನಲ್ಲಿಟ್ಟು ಬೀಗ ಹಾಕಿದೆ. ನಿಯಮ ಮಾಡಿದವನು ನಾನೇ. ಮುಂಗಡ ನಮ್ಮ ಕೈಯಲ್ಲಿದ್ದರೆ ಗಿರಾಕಿ ಎಲ್ಲಿಗೆ ಹೋಗುತ್ತಾನೆ?

ಆದರೂ ನೆಮ್ಮದಿ ಇರಲಿಲ್ಲ. ಅವರು ದಿನಾ ಬರುವ ಬೆಳಗಿನ ಬಸ್ಸು ತುಸು ತಡವಾದರೆ ಗೇಟಿಗೂ ರಸ್ತೆಗೂ ಓಡಾಡುತ್ತಿದ್ದೆ. ಅವರು ಫೋನು ಹಿಡಿದು ಅಂಗಳಕ್ಕೆ ಹೋದರೆ ಕಿಟಕಿಗೆ ಬಂದು ಕಿವಿಗೊಡುತ್ತಿದ್ದೆ.

ನಮ್ಮ ಮಕ್ಕಳು ಪ್ರತಿಯೊಬ್ಬರಿಗೂ ಒಂದು ಸನ್ನೆಯ ಹೆಸರು ಇಡುತ್ತಾರೆ. ಕೆನ್ನೆಗೆ ಬೆರಳೊತ್ತಿದರೆ ಟೀಚರ್. ಅವರಿಗೆ ಗುಳಿ ಬೀಳುತ್ತದೆ. ಒಂದು ದಿನ ನೆಮ್ಮಾರಿನ ಹುಡುಗಿ ನನ್ನನ್ನು ನೋಡಿ, ಜೇಬಿನಿಂದ ಏನನ್ನೋ ತೆಗೆದಂತೆ ಮಾಡಿ ಗಾಳಿಯಲ್ಲಿ ತಿರುಗಿಸಿದಳು. ಉಳಿದವರು ನಕ್ಕರು.

ಅವಳ ತಾಯಿ ಜಗಲಿಯಲ್ಲಿದ್ದರು. ಊರಿಗೆ ಹೋಗಿಬರಲು ಬಸ್ಸು ಹೊಂದದೆ ದಿನವಿಡೀ ಅಲ್ಲೇ ಕೂತು, ಟೀಚರ್ ಹತ್ತಿರ ಸನ್ನೆ ಕಲಿತುಬಿಟ್ಟಿದ್ದರು.

"ಎಂತ ಅದು?" ಎಂದೆ.

"ನಿಮ್ಮ ಹೆಸರು. ಬೀಗ ಹಾಕೋರು ಅಂತ."

"ನಾನು ಯಾವುದಕ್ಕೆ ಬೀಗ ಹಾಕಿದ್ದು?"

"ಟೀಚರ್ ಕಾಗದಕ್ಕೆ. ಮಕ್ಕಳಿಗೆ ಕಿವಿ ಕೇಳಲ್ಲ ಮಾರಾಯ್ರೇ, ಕಣ್ಣು ಕಾಣ್ತದೆ. ನಾಡಿದ್ದು ಅವರಿಗೆ ಶಿವಮೊಗ್ಗದಲ್ಲಿ ಇಂಟರ್‌ವ್ಯೂ, ಒರಿಜಿನಲ್ ಬೇಕಂತೆ. ನಿಮ್ಮನ್ನ ಕೇಳೋಕೆ ಹೆದರ್ತಾರೆ. ಅವರೆಂತ ನಿಮ್ಮ ಹಳೇ ಬಾಗಿಲಾ, ಗೋಡೆಗೆ ಒರಗಿಸಿ ಇಡೋಕೆ?"

ಕೊಟ್ಟರೆ ಹೋಗುತ್ತಾರೆ, ತರಬೇತಾದವರಿಲ್ಲದೆ ಶಾಲೆಯ ಮಾನ್ಯತೆ ಉಳಿಯದು, ಹನ್ನೊಂದು ಮಕ್ಕಳು ಮತ್ತೆ ಮನೆಯ ಮೂಲೆ ಸೇರುತ್ತಾರೆ. ಕೊಡದಿದ್ದರೆ ಅದೇ ಹನ್ನೊಂದು ಮಕ್ಕಳು ನೋಡುತ್ತಿದ್ದಾರೆ. ಮಧ್ಯಾಹ್ನದವರೆಗೂ ಬೀಗದ ಕೈ ನನ್ನ ಮುಷ್ಟಿಯಲ್ಲೇ ಬೆವರಿತು. ಕೊನೆಗೆ ಫೈಲು ತೆಗೆದು ಟೀಚರ್ ಮೇಜಿನ ಮೇಲಿಟ್ಟೆ. ಅಲ್ಲೂ ಚೌಕಾಸಿ ಬಿಡಲಿಲ್ಲ.

"ಹೋಗಿ ಬನ್ನಿ. ಸಿಕ್ಕಿದ್ರೂ ಮಾರ್ಚ್‌ವರೆಗಾದ್ರೂ..."

"ದಿನಾ ಬಸ್ಸಲ್ಲಿ ನಿಂತು ಸಾಕಾಗಿದೆ ಸರ್. ಇಲ್ಲಿ ಒಂಟಿ ಹೆಂಗಸಿಗೆ ಯಾರೂ ಮನೆ ಕೊಡಲಿಲ್ಲ. ಊರೆಲ್ಲ ನಿಮ್ಮ ಪರಿಚಯ. ಒಂದು ಮಾತು ನೀವು ಕೇಳಲೇ ಇಲ್ಲ."

ಹೌದು, ಕೇಳಿರಲಿಲ್ಲ. ಆ ಸಂಜೆಯೇ ಮನೆಮನೆ ಹತ್ತಿಳಿದೆ. ನನ್ನ ಹಳೆಯ ಗಿರಾಕಿ, ಪೇಟೆಯ ಸಾಬರೊಬ್ಬರು ಅಂಗಡಿಯ ಮೇಲಿನ ಕೋಣೆ ಕೊಡಲು ಒಪ್ಪಿದರು.

ಇಂಟರ್‌ವ್ಯೂ ಮುಗಿಸಿ ಮಾರನೆಯ ದಿನ ಟೀಚರ್ ಬಸ್ಸಿಳಿದರು. ಕೋಣೆಯ ಕೀಲಿ ತೆಗೆದುಕೊಂಡಿದ್ದಾರೆ, ಸಾಮಾನು ಇನ್ನೂ ತಂದಿಲ್ಲ. ಶಿವಮೊಗ್ಗದಿಂದ ಉತ್ತರವೂ ಬಂದಿಲ್ಲ. ನೆಮ್ಮಾರಿನ ತಾಯಿಯನ್ನು ತರಬೇತಿಗೆ ಕಳಿಸಲು ಅರ್ಜಿ ತುಂಬಿಸಿದೆ. ಅವರ ಮೂಲ ಪ್ರಮಾಣಪತ್ರ ನೋಡಿ ಅಲ್ಲೇ ಕೈಗೆ ಕೊಟ್ಟೆ.

ನನ್ನ ಹೆಸರು ಬದಲಾಯಿಸುವಂತೆ ಮಕ್ಕಳಿಗೆ ಹೇಳಿ ಎಂದು ಅವರನ್ನೇ ಕೇಳಿದೆ. ಅವರು ಸನ್ನೆಯಲ್ಲಿ ಕೇಳಿದರು, ಮಕ್ಕಳು ಸನ್ನೆಯಲ್ಲೇ ಉತ್ತರ ಕೊಟ್ಟರು.

"ಟೀಚರ್ ಸಾಮಾನು ಬರಲಿ, ಆಮೇಲೆ ನೋಡೋಣ ಅಂತಾರೆ."