ಮಣ್ಣಿನ ಹಡಗಿನ ಹರಕೆ

ಭಕ್ತ ಬಾಂಧವರೇ, ಹೊಟ್ಟೆಕಿಚ್ಚನ್ನು ಮುಚ್ಚಿಟ್ಟು ಈ ಅನುಭವ ಬರೆಯಲು ನನ್ನಿಂದಾಗದು. ನನ್ನ ಗಂಡ ಕೋಸ್ಟ್ ಗಾರ್ಡಿನ ಹಡಗಿನಲ್ಲಿ ದುಡಿದು ನಿವೃತ್ತರಾದವರು. ಅವರ ತಂಗಿ ಸುಮತಿಯ ಗಂಡ, ಎಂದರೆ ನಮ್ಮ ಭಾವ, ಭೂಸೇನೆಯಲ್ಲಿ ಹವಾಲ್ದಾರರಾಗಿದ್ದವರು. ನಾವು ಕಲ್ಲಡ್ಕದಲ್ಲಿ, ಅವರು ಬೆಳ್ತಂಗಡಿಯಲ್ಲಿ. ಇಬ್ಬರೂ ಸಮವಸ್ತ್ರ ಹಾಕಿದವರೇ, ಆದರೆ ಸರಕಾರದ ಮಟ್ಟಿಗೆ ಭಾವ ಮಾಜಿ ಸೈನಿಕ, ನನ್ನ ಗಂಡ ಅಲ್ಲ.

ಸುಮತಿ ಮಿಲಿಟರಿ ಕ್ಯಾಂಟೀನಿನ ಬಿಸ್ಕತ್ತು ತಂದುಕೊಟ್ಟರೆ ನನಗೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಸ್ವಾತಂತ್ರ್ಯ ದಿನದಂದು ಅವರೂರಿನ ಶಾಲೆಯಲ್ಲಿ ಮಾಜಿ ಸೈನಿಕರಿಗೆ ಶಾಲು ಹೊದಿಸಿದರು. ಭಾವ ನೋಯುವ ಮಂಡಿಯನ್ನು ಎಳೆದುಕೊಂಡು ವೇದಿಕೆ ಹತ್ತಿದರು. ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ ನನ್ನ ಗಂಡ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ನನಗೆ ಮೈಯೆಲ್ಲ ಉರಿಯಿತು.

ಸುಮತಿಯ ಮಗಳಿಗೆ ಸೈನಿಕರ ಮಕ್ಕಳ ಮೀಸಲಾತಿಯಲ್ಲಿ ನರ್ಸಿಂಗ್ ಸೀಟು ಸಿಕ್ಕಿತು. ಮರುವರ್ಷ ನನ್ನ ಮಗಳು ಪ್ರತೀಕ್ಷಾಳ ಸರದಿ. ಮೂಡುಬಿದಿರೆಯಲ್ಲಿ ನರ್ಸಿಂಗ್ ಓದಬೇಕೆಂದು ಅವಳಿಗೆ ಸಣ್ಣಂದಿನಿಂದ ಆಸೆ. ಅದೇ ಮೀಸಲಾತಿ ಕೇಳಲು ನಾವು ಸೈನಿಕ ಕಲ್ಯಾಣ ಕಚೇರಿಗೆ ಹೋದೆವು.

"ಕೋಸ್ಟ್ ಗಾರ್ಡ್ ಅಂದ್ರೆ ಆಮೇಲೆ ಹುಟ್ಟಿದ ಪಡೆ ಅಲ್ವಾ? ನಮ್ಮ ಲೆಕ್ಕಕ್ಕೆ ಬರುದಿಲ್ಲ" ಎಂದರು ಅಲ್ಲಿದ್ದವರು.

"ಬಿರುಗಾಳಿಗೆ ಸಿಕ್ಕಿದ ಬೋಟಿನವರನ್ನು ಎಳೆದು ತಂದದ್ದು ಯಾವ ಲೆಕ್ಕಕ್ಕೆ?" ಎಂದು ನಾನು ಕೇಳಿಯೇಬಿಟ್ಟೆ.

"ಸುಮ್ಮನಿರು ಮಾರಾಯ್ತಿ, ಹೋಗುವ" ಎಂದು ಗಂಡ ನನ್ನನ್ನು ಬಸ್‌ಸ್ಟ್ಯಾಂಡಿಗೆ ಕರೆತಂದರು. ಬಸ್ಸಿನಲ್ಲಿ ಪ್ರತೀಕ್ಷಾ ಕಿಟಕಿಯ ಕಡೆ ಮುಖ ತಿರುಗಿಸಿ ಅಳುತ್ತಿದ್ದಳು.

ಬೆಳ್ತಂಗಡಿ ಕಡೆಯ ಮಣ್ಣಿನ ಹರಕೆಯ ಸದಾಶಿವನಿಗೆ ನಾವು ನಡೆದುಕೊಳ್ಳುವವರು. ಮಗು ಬೇಕೆಂದವರು ಮಣ್ಣಿನ ಮಗು, ಮನೆ ಬೇಕೆಂದವರು ಮಣ್ಣಿನ ಮನೆ ಹೇಳಿಕೊಳ್ಳುತ್ತಾರೆ. ಕೆಲಸ ಆದ ಮೇಲೆ ತಂದು ಬನದಲ್ಲಿ ಇಡುತ್ತಾರೆ. ಆಟಿ ತಿಂಗಳ ಮಳೆಯಲ್ಲಿ ನಾನೊಬ್ಬಳೇ ಹೋಗಿ ನಿಂತೆ. "ಸುಮತಿಗೆ ಉಂಟು, ನನಗೆ ಯಾಕಿಲ್ಲ? ಹಡಗಿನವರನ್ನೂ ಸೈನಿಕರೆಂದು ಒಪ್ಪುವ ಹಾಗೆ ಮಾಡು, ನಿನಗೆ ಮಣ್ಣಿನ ಹಡಗು ಒಪ್ಪಿಸ್ತೇನೆ" ಎಂದೆ. ಅದು ಪ್ರಾರ್ಥನೆಗಿಂತ ಜಗಳವೇ ಆಗಿತ್ತು.

ಸೀಟು ಹಂಚಿಕೆ ಮುಗಿಯುತ್ತಾ ಬಂತು. ಬೇರೆ ಕೋರ್ಸಿಗೆ ಸೇರುತ್ತೇನೆಂದು ಮಗಳೇ ಹೇಳಿದಳು. ಆಗ ಗಂಡನ ಹಳೆಯ ಜೊತೆಗಾರರೊಬ್ಬರ ಫೋನು ಬಂತು. ಮಾಜಿ ಸೈನಿಕರಿಗೆ ರಾಜ್ಯ ಕೊಡುವ ಸೌಲಭ್ಯಗಳನ್ನು ಕೋಸ್ಟ್ ಗಾರ್ಡಿನವರಿಗೂ ವಿಸ್ತರಿಸಿ ಆದೇಶವಾಗಿತ್ತು! ಗಂಡ ಫೋನು ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕೂತುಬಿಟ್ಟರು. ಕೊನೆಯ ಸುತ್ತಿನಲ್ಲಿ ಪ್ರತೀಕ್ಷಾಳಿಗೆ ಮೂಡುಬಿದಿರೆಯಲ್ಲೇ ಸೀಟಾಯಿತು.

ಕುಂಬಾರರಲ್ಲಿ ಹೇಳಿ ಅಂಗೈಯಗಲದ ಹಡಗು ಮಾಡಿಸಿದೆ. ಹರಕೆ ಒಪ್ಪಿಸುವ ದಿನ ಸುಮತಿಯೂ ಬಂದಳು. ನಾನು ಹಡಗು ಹೊರತೆಗೆಯುವಷ್ಟರಲ್ಲಿ ಅವಳೂ ತನ್ನ ಚೀಲ ಬಿಚ್ಚಿದಳು. ಅದರಲ್ಲಿಯೂ ಮಣ್ಣಿನ ಹಡಗು. ನನ್ನದಕ್ಕಿಂತ ದೊಡ್ಡದು.

"ನಿನಗೆ ಯಾಕೆ ಹಡಗು?" ಎಂದೆ.

"ಆ ದಿನ ಶಾಲೆಯಲ್ಲಿ ಅಣ್ಣ ಕೆಳಗೆ ಕೂತು ಚಪ್ಪಾಳೆ ತಟ್ಟಿದ್ರಲ್ಲ ಅತ್ತಿಗೆ, ನನಗೆ ನೋಡ್ಲಿಕ್ಕೆ ಆಗ್ಲಿಲ್ಲ. ಅವತ್ತೇ ಹರಕೆ ಹೇಳಿಕೊಂಡದ್ದು."

ಎಂದರೆ ನನಗಿಂತ ಮೊದಲು! ಕಣ್ಣಲ್ಲಿ ನೀರು ಬಂತು, ಅದರ ಹಿಂದೆಯೇ ಹಳೆಯ ಕಿಚ್ಚೂ ಬಂತು. ಹರಕೆಯಲ್ಲಿಯೂ ಇವಳೇ ಮುಂದೆಯೇ? ಎರಡು ಹಡಗುಗಳನ್ನು ಒಂದರ ಪಕ್ಕ ಒಂದು ಇಟ್ಟೆವು. ನನ್ನದನ್ನು ನಾನು ಸ್ವಲ್ಪ ಮುಂದೆ ಸರಿಸಿದೆ.

ದೇವರು ಕೇಳುತ್ತಾನೆ ಎಂಬುದರಲ್ಲಿ ನನಗೀಗ ಎಳ್ಳಷ್ಟೂ ಸಂಶಯವಿಲ್ಲ. ಯಾರ ಮಾತು ಕೇಳಿದನೋ ಅವನಿಗೇ ಗೊತ್ತು, ಅವನಿಗೆ ಕೋಟಿ ನಮಸ್ಕಾರ. ಹೊರಡುವ ಮೊದಲು ಕಾಲು ತೊಳೆಯುವ ನೆಪ ಹೇಳಿ ಒಬ್ಬಳೇ ಹಿಂದೆ ಹೋಗಿ, ಭಾವನ ಮಂಡಿನೋವು ವಾಸಿಯಾದರೆ ಮಣ್ಣಿನ ಕಾಲು ಒಪ್ಪಿಸುತ್ತೇನೆಂದು ಹರಕೆ ಹೇಳಿ ಬಂದಿದ್ದೇನೆ. ಸುಮತಿಗೆ ಇದು ಗೊತ್ತಿಲ್ಲ. ಕಾಲು ಮಾತ್ರ ಅವಳ ಹಡಗಿಗಿಂತ ದೊಡ್ಡದೇ ಇರುತ್ತದೆ.