ಬಾಗಿಲ ಮುಂದೆ ನಿಂತ ಕಂದೀಲಿನವಳು

ಆ ಕಚೇರಿಯಲ್ಲಿ ಅವಳನ್ನು ಎಲ್ಲರೂ ಅನುಮಾನದಕ್ಕ ಎಂದೇ ಕರೆಯುತ್ತಿದ್ದರು. ಬೆನ್ನ ಹಿಂದೆ ಅಲ್ಲ, ಎದುರಿಗೇ. ಅವಳಿಗೂ ಅದರ ಬೇಸರವಿರಲಿಲ್ಲ; ಅನುಮಾನಪಡುವುದಕ್ಕೇ ತಾನೇ ಸಂಬಳ ಕೊಡುತ್ತಿದ್ದದ್ದು? ವಿಡಿಯೋ ಗೇಮ್ ತಯಾರಿಸುವ ಕಂಪನಿಯಲ್ಲಿ ಅವಳು ಟೆಸ್ಟರ್. ಆಟ ಮಾರುಕಟ್ಟೆಗೆ ಹೋಗುವ ಮೊದಲು ಅದನ್ನು ನೂರಾರು ಸಲ ಆಡಿ, ಗೋಡೆಯೊಳಗೆ ಕಾಲು ಹೂತುಹೋಗುವುದು, ಮೆಟ್ಟಿಲು ಹತ್ತುವಾಗ ತಲೆ ಮಾಯವಾಗುವುದು, ಇಂಥ ತಪ್ಪುಗಳನ್ನು ಹೆಕ್ಕಿ ತೆಗೆಯುವುದು ಅವಳ ಕೆಲಸ. ಎಲ್ಲ ಸರಿಯಾಗಿದೆ ಎಂದು ಯಾರಾದರೂ ಹೇಳಿದರೆ ಸಾಕು, ಅವಳ ಹುಬ್ಬು ಮೇಲೇರುತ್ತಿತ್ತು.

ಇಡೀ ಜಗತ್ತಿನಲ್ಲಿ ಅವಳು ಕಣ್ಣು ಮುಚ್ಚಿ ನಂಬಿದ್ದು ಒಬ್ಬಳನ್ನು ಮಾತ್ರ, ಅವಳೋ ನಿಜವಾದ ಮನುಷ್ಯಳೇ ಅಲ್ಲ. ಕಂದೀಲಿನವಳು, ಅವರ ಆಟದ ನಾಯಕಿ. ಕೈಯಲ್ಲೊಂದು ಕಂದೀಲು ಹಿಡಿದು, ಎಂಥ ಬಾಗಿಲಾದರೂ ಒದ್ದು ತೆರೆದು, ಒಳಗೆ ಅಡಗಿದ ಕಳ್ಳರ ಮೇಲೆ ಬೀಳುವ ಗಟ್ಟಿಗಿತ್ತಿ. ಆಟದ ಮೊದಲ ಭಾಗ ಭರ್ಜರಿಯಾಗಿ ಓಡಿತು. ಅದರ ಮರುವರ್ಷವೇ ಅನುಮಾನದಕ್ಕನ ಸಂಸಾರ ತಲೆಕೆಳಗಾಯಿತು. ಒಂದು ಸಂಜೆ ಮನೆಗೆ ಬಂದು ಬಾಗಿಲು ತೆರೆಯಲು ಕೀಲಿ ತೆಗೆಯುವಷ್ಟರಲ್ಲಿ ಒಳಗಿನಿಂದ ಗಂಡನ ಮಾತು ಕೇಳಿಸಿತ್ತು: "ಅವಳಿಗೆಲ್ಲಿ ಗೊತ್ತಾಗುತ್ತೆ ಬಿಡು." ಫೋನಿನ ಆ ಕಡೆ ಇನ್ನೊಬ್ಬಳಿದ್ದಳು. ಗಂಡ ಅವಳ ಜೊತೆ ಹೋದ, ಮಗಳು ತಾಯಿಯ ಬಳಿ ಉಳಿದಳು.

ಉಳಿದಳು ಸರಿ, ಎಷ್ಟು ದಿನ? ಈಗ ಹದಿನೈದು ತುಂಬಿದ ಹುಡುಗಿ. ಇತ್ತೀಚೆಗೆ ಅನುಮಾನದಕ್ಕ ಸಂಜೆ ಮೂರನೇ ಮಹಡಿ ಹತ್ತಿ ಬಂದು ಬಾಗಿಲ ಮುಂದೆ ನಿಂತು ಕಿವಿಗೊಟ್ಟರೆ, ಒಳಗಿನ ಗುಸುಗುಸು ತಟ್ಟನೆ ನಿಂತುಹೋಗುತ್ತಿತ್ತು. ಒಳಗೆ ಹೋದರೆ ಮಗಳು ಪುಸ್ತಕ ಹಿಡಿದು ಕೂತಿರುತ್ತಿದ್ದಳು, ಫೋನು ದಿಂಬಿನಡಿ. ಅಪ್ಪನ ಜೊತೆಯೇ ಮಾತು, ಇನ್ಯಾರ ಜೊತೆ! ಇವಳೂ ಒಂದು ದಿನ ಗಂಟುಮೂಟೆ ಕಟ್ಟುತ್ತಾಳೆ ಎಂಬ ಭಯ ತಾಯಿಗೆ ಅಂಟಿಕೊಂಡುಬಿಟ್ಟಿತ್ತು. ನೇರವಾಗಿ ಕೇಳೋಣವೆಂದರೆ, ಹೌದು ಎಂದುಬಿಟ್ಟರೆ?

ಇತ್ತ ಕಚೇರಿಯಲ್ಲಿ ಎರಡನೇ ಭಾಗ ಮುಗಿಯುತ್ತಾ ಬಂದಿತ್ತು. ನಾಯಕಿ ಬದಲಾಗಬೇಕೋ ಬೇಡವೋ ಎಂದು ತಿಂಗಳುಗಟ್ಟಲೆ ಹಗ್ಗಜಗ್ಗಾಟ. ಅದೇ ಒದೆತ, ಅದೇ ಧಿಮಾಕು ಇಟ್ಟುಕೊಂಡು ಮತ್ತೆ ಬಂದರೆ ಆಡುವವರು ಅರ್ಧ ಗಂಟೆಗೇ ಆಕಳಿಸುತ್ತಾರೆ, ಮೊದಲ ಭಾಗದಲ್ಲಿ ಅಷ್ಟೆಲ್ಲ ಅನುಭವಿಸಿದವಳಲ್ಲಿ ಅದರ ಗುರುತಾದರೂ ಬೇಡವೇ ಎಂದು ಕತೆ ಬರೆಯುವವರ ವಾದ. ಅನುಮಾನದಕ್ಕ ಸುತರಾಂ ಒಪ್ಪಲಿಲ್ಲ. ಬದಲಾಗುವವರನ್ನು ನೋಡಲು ದುಡ್ಡು ಕೊಟ್ಟು ಆಟ ಕೊಳ್ಳಬೇಕೇ, ಮನೆಮನೆಯಲ್ಲೂ ಬಿಟ್ಟಿ ಸಿಗುತ್ತಾರಲ್ಲ ಎಂದು ಎಲ್ಲರೆದುರೇ ಅಂದಳು. ಕೆಲವರು ನಕ್ಕರು. ಅವಳು ನಗಲಿಲ್ಲ.

ಆ ವಾರವೇ ಪರದೆಯ ಮೇಲೆ ಅದನ್ನು ಕಂಡಳು. ಎರಡನೇ ಭಾಗದಲ್ಲಿ ಕೆಲವು ಕಡೆ ನಾಯಕಿ ತಾನಾಗಿಯೇ ನಡೆಯುತ್ತಾಳೆ, ಆಡುವವರು ಸುಮ್ಮನೆ ನೋಡುತ್ತಿದ್ದರಾಯಿತು. ಅಂಥ ಕಡೆಯಲ್ಲೆಲ್ಲ ಕಂದೀಲಿನವಳು ಬಾಗಿಲು ಬಂದರೆ ನಿಂತುಬಿಡುತ್ತಿದ್ದಳು. ಒದೆಯುವ ಮಾತೇ ಇಲ್ಲ. ಒಂದು ಹೆಜ್ಜೆ ಹಿಂದೆ ಸರಿದು, ಒಳಗಿನ ಸದ್ದಿಗೆ ಕಿವಿಗೊಟ್ಟವಳ ಹಾಗೆ ಕಾದು, ಆಮೇಲೆ ಮೆಲ್ಲಗೆ ತಳ್ಳುವುದು. ಅನುಮಾನದಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಇದು ತನ್ನದೇ ಚಾಳಿ! ಮೀಟಿಂಗ್ ಕೋಣೆಯ ಬಾಗಿಲಲ್ಲೂ ತಾನು ಹೀಗೇ ನಿಲ್ಲುವುದನ್ನು ಯಾರೋ ಕದ್ದು ನೋಡಿ ಅಣಕಿಸಿದ್ದಾರೆ. ಯಾರೋ ಏನು ಬಂತು, ನಾಯಕಿಯ ಕೈಕಾಲು ಆಡಿಸುವ ಆ ಕನ್ನಡಕದ ಅನಿಮೇಟರನೇ. ತನ್ನನ್ನು ಕಂಡಾಗಲೆಲ್ಲ ಸುಮ್ಮಸುಮ್ಮನೆ ಹಲ್ಲು ಕಿರಿಯುತ್ತಿದ್ದದ್ದು ಇದಕ್ಕೇ.

ನೇರ ಅವನ ಮೇಜಿಗೆ ಹೋಗಿ ತರಾಟೆಗೆ ತೆಗೆದುಕೊಂಡಳು. ಕನ್ನಡಕದವನು ಕಕ್ಕಾಬಿಕ್ಕಿಯಾದ. ಆಮೇಲೆ ಒಂದು ಫೈಲು ತೆರೆದ. ಚೆನ್ನಾಗಿ ಆಡುವ ಟೆಸ್ಟರ್ ಕಂಟ್ರೋಲರಿನಲ್ಲಿ ಗುಂಡಿ ಒತ್ತಿದ್ದೆಲ್ಲ ರೆಕಾರ್ಡ್ ಆಗುತ್ತದೆ. ನಾಯಕಿ ತಾನಾಗಿ ನಡೆಯುವ ಕಡೆಗೆ ಅದನ್ನೇ ಅಚ್ಚಿನಂತೆ ಬಳಸುವುದು ಅಲ್ಲಿಯ ರೂಢಿ. ಇದು ಅವಳಿಗೂ ಗೊತ್ತಿದ್ದದ್ದೇ. ಊರನ್ನೆಲ್ಲ ಅನುಮಾನಿಸಿದವಳು ತನ್ನ ಕೈಯನ್ನೊಂದು ಅನುಮಾನಿಸಿರಲಿಲ್ಲ.

"ಇದು ನಾನು ಮಾಡಿದ್ದಲ್ಲ ಅಕ್ಕಾ, ನಿಮ್ಮ ಕೈಯೇ," ಅಂದ. "ಮೊದಲ್ನೇ ಭಾಗದ ರೆಕಾರ್ಡಿಂಗೂ ಇದೆ ನೋಡಿ. ಆಗ ನೀವು ಒಂದ್ಸಲಾನೂ ನಿಂತಿಲ್ಲ."

ಅವಳು ನೋಡಿದಳು. ನಂಬಿಕೆಯಾಗದೆ ತಾರೀಕುಗಳನ್ನು ತಾಳೆ ಹಾಕಿದಳು. ಎಲ್ಲವೂ ಸರಿಯಾಗಿತ್ತು. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. ಅವಳ ಮುಖ ನೋಡಿ ಮರುಕಗೊಂಡವನಂತೆ ಅವನು, ಹೇಗೂ ಇದನ್ನು ತಿದ್ದಲೇಬೇಕು, ಇದರಿಂದ ಆಟಕ್ಕೂ ಪೆಟ್ಟು ಎಂದ.

"ಇವಳು ನಿಂತ್ರೆ ಕಂದೀಲಿನ ಬೆಳಕು ಬಾಗಿಲಡಿಯಿಂದ ಒಳಗೆ ಹೋಗುತ್ತೆ. ಒಳಗಿರೋರು ಬಾಯಿ ಮುಚ್ಕೊಂಡು ಬಿಡ್ತಾರೆ. ನಿಂತಷ್ಟು ಹೊತ್ತೂ ಇವಳಿಗೆ ಏನೂ ಕೇಳ್ಸಲ್ಲ."

ಅನುಮಾನದಕ್ಕ ಅವನ ಮುಖವನ್ನೇ ನೋಡಿದಳು. ಇಲ್ಲ, ಅವನಿಗೆ ಅವಳ ಮನೆಯ ವಿಷಯ ಏನೇನೂ ಗೊತ್ತಿರಲಿಲ್ಲ.

ಸಂಜೆ ಮೆಟ್ಟಿಲು ಹತ್ತುವಾಗ ಅದೇ ಮಾತು ತಲೆಯಲ್ಲಿ ಕೊರೆಯುತ್ತಿತ್ತು. ಮೂರನೇ ಮಹಡಿಯ ಕಾರಿಡಾರಿನಲ್ಲಿ ದೀಪ ಇರುವುದು ಬಾಗಿಲಿಗೆ ನಿಂತವರ ಬೆನ್ನ ಹಿಂದೆ. ಬಾಗಿಲಡಿ ಒಂದು ಬೆರಳು ಸಂದಿ. ಇಷ್ಟು ದಿನ ತನ್ನ ಕಾಲಿನ ನೆರಳು ತನಗಿಂತ ಮೊದಲೇ ಒಳಗೆ ಹೋಗಿ ಕೂರುತ್ತಿತ್ತಲ್ಲ, ಛೆ! ಅವಳು ಎರಡನೇ ಮಹಡಿಯಲ್ಲೇ ಕೀಲಿಯನ್ನು ಕೈಗೆ ತೆಗೆದುಕೊಂಡಳು. ಬಾಗಿಲ ಮುಂದೆ ಕಾಲುಗಳು ತಾವಾಗಿಯೇ ನಿಲ್ಲಲು ನೋಡಿದವು. ಬಿಡಲಿಲ್ಲ, ಒಂದೇ ಉಸಿರಿಗೆ ತೆರೆದು ಒಳಗೆ ನಡೆದಳು.

ಮಗಳು ಬೆನ್ನು ಹಾಕಿ ಕಿಟಕಿಯ ಬಳಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದಳು. "ಎಷ್ಟ್ ಸಲ ಹೇಳ್ಬೇಕು ಅಪ್ಪಾ? ಅಮ್ಮನ್ನ ಬಿಟ್ಟು ನಾನು ಬರಲ್ಲ."

ತಿರುಗಿದವಳ ಮುಖ ಬಿಳಿಚಿಕೊಂಡಿತು, ಫೋನು ಕಟ್ ಮಾಡಿದಳು. ಅನುಮಾನ ನಿಜವೇ ಆಗಿತ್ತು, ಮಾತು ಅಪ್ಪನ ಜೊತೆಯೇ. ಆದರೂ ಎದೆಯ ಮೇಲಿನ ಭಾರ ಇಳಿದು ಅನುಮಾನದಕ್ಕನಿಗೆ ಅಳು ಬಂತು. ಈ ಮಾತು ಎಷ್ಟು ಸಂಜೆ ಇದೇ ಬಾಗಿಲ ಹಿಂದೆ ಇತ್ತೋ, ಅವಳೇ ನಿಂತು ನಿಂತು ಅದರ ಬಾಯಿ ಮುಚ್ಚಿಸಿದ್ದಳು.

"ಎಷ್ಟೊತ್ತಿಂದ ಹೊರಗೆ ನಿಂತಿದ್ದೆ?" ಮಗಳು ಕೇಳಿದಳು.

"ನಿಂತಿರ್ಲಿಲ್ಲ ಕಣೇ. ಈಗ್ತಾನೆ ಬಂದೆ."

ಮಗಳು ಬಾಗಿಲಡಿಯ ಸಂದಿಯನ್ನು ನೋಡಿದಳು, ಆಮೇಲೆ ಅಮ್ಮನನ್ನು ನೋಡಿದಳು. ಥೇಟ್ ಅಮ್ಮನ ಹಾಗೇ ಅವಳ ಹುಬ್ಬು ಮೇಲೇರಿತು.